ಜಿನೀವಾ ನಿಲ್ಲುವ ಹೊತ್ತು

ಆಗಸ್ಟ್ 19, ಸೋಮವಾರ

ಬಹಳ ದಿನಗಳ ಮೇಲೆ ಕೈಗೆ ಒಂದು ಕೆಲಸ ಸಿಕ್ಕಿತು. ದಿನಾ ಗ್ರೀಸು ಹಚ್ಚುವುದು, ಬೆಲ್ಟು ಬಿಗಿಯುವುದು ಕೆಲಸವಲ್ಲ. ಇದು ಕೆಲಸ. ಹೇಳಿಕೊಳ್ಳೋಣವೆಂದರೆ ನನ್ನ ಹೆಂಡತಿ ಶಿವರುದ್ರಮ್ಮ "ಹೌದಾ" ಎಂದು ಸೊಪ್ಪು ಬಿಡಿಸುತ್ತಾ ಕೂರುತ್ತಾಳೆ. ಅದಕ್ಕೇ ಇಲ್ಲಿ ಬರೆದಿಡುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಡಬ್ಬಿ ಮಿಷನ್ನು ನಿಂತಿತು. ಗುಬ್ಬಿ ರಸ್ತೆಯ ನಮ್ಮ ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ಇರುವುದೇ ಅದೊಂದು. ದುಂಡು ಮೇಜು, ಅದರಲ್ಲಿ ಎಂಟು ಗುಂಡಿ, ಗುಂಡಿಗೊಂದು ಡಬ್ಬಿ. ಮೇಜು ಒಂದು ಹೆಜ್ಜೆ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ಒಂದು ಹೆಜ್ಜೆ. ನಿಂತ ಹೊತ್ತಿನಲ್ಲಿ ಒಂದು ಕಡೆ ಪುಡಿ ಬೀಳುತ್ತದೆ. ಇನ್ನೊಂದು ಕಡೆ ಹುಡುಗಿಯೊಬ್ಬಳು ಡಬ್ಬಿಯ ಬಾಯಿಗೆ ಫಾಯಿಲ್ ಇಡುತ್ತಾಳೆ. ಅದರ ಮುಂದಿನ ಜಾಗದಲ್ಲಿ ಕಾದ ಪ್ರೆಸ್ಸು ಇಳಿದು ಅದನ್ನು ಅಂಟಿಸುತ್ತದೆ. ಮೇಜನ್ನು ಹೀಗೆ ನಡೆಸಿ ನಿಲ್ಲಿಸುವ ಚಕ್ರಕ್ಕೆ ಜಿನೀವಾ ಎಂದು ಹೆಸರು. ಒಂದು ಪಿನ್ನು ಬಂದು ಚಕ್ರದ ಸೀಳಿನೊಳಗೆ ನುಗ್ಗಿ ಒಂದು ಹೆಜ್ಜೆ ತಳ್ಳಿ ಹೊರಟುಹೋಗುತ್ತದೆ. ಅದು ಮತ್ತೆ ಬರುವ ತನಕ ಚಕ್ರವನ್ನು ಅಲುಗದಂತೆ ಹಿಡಿದಿರುವುದು ಒಂದು ದುಂಡನೆಯ ಭುಜ. ಇವತ್ತು ಸವೆದಿದ್ದದ್ದು ಆ ಭುಜ.

ಹೊಸದು ರಾಜಕೋಟದಿಂದ ಬರಬೇಕು, ಹದಿನೈದು ದಿನ. ಮ್ಯಾನೇಜರ್ ಲಕ್ಷ್ಮೀಕಾಂತ್ ತಲೆಯ ಮೇಲೆ ಕೈ ಹೊತ್ತು ನಿಂತ. "ಗೌರಿ ಹಬ್ಬದ ಆರ್ಡರ್ ಕಣ್ರೀ ಗಂಗಣ್ಣ. ಹೆಂಗಾದ್ರೂ ಮಾಡಿ ಓಡ್ಸಿ" ಎಂದ.

ಓಡಿಸಿದೆ. ಸವೆದ ಭುಜಕ್ಕೆ ವೆಲ್ಡಿಂಗ್ ಏರಿಸಿ, ಅರ ಹಾಕಿ ಉಜ್ಜಿ, ದುಂಡಗೆ ಮಾಡಿ ಕೂರಿಸಿದೆ. ಮೊದಲು ಬಿಗಿಯಾಗಿ ಚಕ್ರ ಕಿರ್ರೆಂದಿತು. ಬಿಚ್ಚಿ ಇನ್ನಷ್ಟು ಉಜ್ಜಿದೆ. ಅಳೆಯಲು ಗೇಜಿಲ್ಲ, ಕಣ್ಣಳತೆ. ತುಮಕೂರಿನ ಗಡಿಯಾರ ಕಾರ್ಖಾನೆ ಮುಚ್ಚುವ ತನಕ ಮೂವತ್ತು ವರ್ಷ ಕೂದಲೆಳೆಯ ಅಳತೆ ಹಿಡಿದ ಕೈ ಇದು. ಈಗಲೂ ಇಲ್ಲಿ ಎಲ್ಲರ ಬಾಯಲ್ಲೂ ನಾನು ವಾಚ್ ಗಂಗಣ್ಣ. ಸಡಿಲ ಎಷ್ಟಿರಬಹುದು? ಒಂದು ಕೂದಲು. ಇರಲಿ, ಎರಡು ಕೂದಲು.

ಮೂರೂವರೆಗೆ ಮಿಷನ್ನು ಓಡಿತು. ಫಾಯಿಲ್ ಹುಡುಗಿ ಕೂರಲು ಸ್ವಲ್ಪ ಹಿಂಜರಿದಳು. "ಇದು ಜಿನೀವಾ ಕಣಮ್ಮ, ವಾಚಿನೋರ ಊರಿನ ಹೆಸರು. ನಿಂತ್ಕೊ ಅಂದ್ರೆ ನಿಂತ್ಕೊಳುತ್ತೆ. ಧೈರ್ಯವಾಗಿ ಕೈ ಹಾಕು" ಎಂದೆ. ಅವಳು ನಕ್ಕು ಕೂತಳು.


ಆಗಸ್ಟ್ 21, ಬುಧವಾರ

ಚೆನ್ನಾಗಿ ಓಡುತ್ತಿದೆ. ಮಧ್ಯಾಹ್ನದ ಮೇಲೆ ಹೆಜ್ಜೆ ನಿಂತಾಗ "ಟಿಕ್" ಎನ್ನುವ ಒಂದು ಸದ್ದು. ಮೊದಲು ಇರಲಿಲ್ಲ. ಹೊಸ ಲೋಹ ಪಳಗಬೇಕಲ್ಲ, ಎರಡು ದಿನ ಬೇಕು.


ಆಗಸ್ಟ್ 23, ಶುಕ್ರವಾರ

ಹನ್ನೊಂದೂ ಕಾಲಿಗೆ ಫಾಯಿಲ್ ಹುಡುಗಿಯ ಬಲಗೈ ಪ್ರೆಸ್ಸಿನ ಕೆಳಗೆ ಸಿಕ್ಕಿತು. ಎರಡು ಬೆರಳು.

ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಹೋಗಲಿಲ್ಲ. ಮಿಷನ್ನಿನ ಹತ್ತಿರ ಯಾರಾದರೂ ಇರಬೇಕಿತ್ತು.


ಆಗಸ್ಟ್ 24, ಶನಿವಾರ

ತೋರುಬೆರಳು ಮತ್ತು ನಡುಬೆರಳು, ಎರಡರ ತುದಿಯನ್ನೂ ತೆಗೆದಿದ್ದಾರೆ. ಇಪ್ಪತ್ತಾರು ವರ್ಷ. ನಿಟ್ಟೂರಿನವಳು, ಸ್ಕೂಟಿಯಲ್ಲಿ ಬಂದು ಹೋಗುತ್ತಿದ್ದಳು. ಸ್ಕೂಟಿ ಇನ್ನೂ ಶೆಡ್ಡಿನ ಪಕ್ಕದಲ್ಲೇ ನಿಂತಿದೆ.

ನಿನ್ನೆ ಬರೆಯದಿದ್ದದ್ದನ್ನು ಇವತ್ತು ಬರೆಯುತ್ತೇನೆ. ಕೂಗು ಕೇಳಿ ನಾನು ಕಂಪ್ರೆಸರ್ ಮೂಲೆಯಿಂದ ಓಡಿ ಬರುವಷ್ಟರಲ್ಲಿ ಯಾರೋ ಸ್ವಿಚ್ ಆರಿಸಿದ್ದರು. ಪ್ರೆಸ್ಸನ್ನು ಎತ್ತಿ ಕೈ ಬಿಡಿಸಿದೆವು. ಅವಳನ್ನು ಹೊರಗೆ ಕರೆದುಕೊಂಡು ಹೋದ ಮೇಲೆ ನೋಡಿದೆ. ಮೇಜು ಅರ್ಧ ಹೆಜ್ಜೆಯಲ್ಲಿ ನಿಂತಿತ್ತು, ಅವಳ ಮುಂದಿದ್ದ ಡಬ್ಬಿ ಪ್ರೆಸ್ಸಿನ ಅಂಚಿನ ಕೆಳಕ್ಕೆ ಬಂದಿತ್ತು. ಪಿನ್ನು ಸೀಳಿನ ಹತ್ತಿರವೂ ಇರಲಿಲ್ಲ. ಪಿನ್ನು ಹೊರಗಿರುವಾಗ ಮೇಜು ಅರ್ಧ ಹೆಜ್ಜೆಯಲ್ಲಿರಲು ಸಾಧ್ಯವಿಲ್ಲ, ಭುಜ ಹಿಡಿದಿದ್ದರೆ.

ಮೇಜನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿ ಸರಿಯಾದ ಜಾಗಕ್ಕೆ ಕೂರಿಸಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಗೊತ್ತಿಲ್ಲ. ಆಮೇಲೆ ಒದ್ದೆ ಬಟ್ಟೆ ತಂದು ಒರೆಸಿದೆ.

ಲಕ್ಷ್ಮೀಕಾಂತ್ ಇವತ್ತು ಆಫೀಸಿಗೆ ಕರೆದ. ಬಾಗಿಲು ಹಾಕಿಕೊಂಡ. "ಜಿನೀವಾ ಸರಿ ಇತ್ತಲ್ವಾ ಗಂಗಣ್ಣ?" ಎಂದ. ಆ ಪ್ರಶ್ನೆಯಲ್ಲೇ ಉತ್ತರವೂ ಇತ್ತು. ನಾನು "ಸರಿ ಇತ್ತು" ಎಂದೆ. ಅವನು ಉಸಿರು ಬಿಟ್ಟು, ಇಂಗ್ಲಿಷಿನಲ್ಲಿ ಟೈಪಾಗಿದ್ದ ಎರಡು ಹಾಳೆಗಳನ್ನು ಮುಂದೆ ಇಟ್ಟ. ಕೆಳಗೆ ಮೆಂಟೆನೆನ್ಸ್ ಎಂದಿದ್ದ ಕಡೆ ಸಹಿ ಹಾಕಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದರೆ ಇಂಗ್ಲಿಷ್ ಬರುತ್ತದೆ, ಆದರೆ ಅಷ್ಟು ಹೊತ್ತು ಅಲ್ಲಿ ಕೂರಲು ಆಗಲಿಲ್ಲ. ಒಂದು ಪದ ಮಾತ್ರ ತಾನಾಗಿ ಕಣ್ಣಿಗೆ ಬಿತ್ತು: ಜಿನೀವಾ.

ಸಡಿಲವಾಗಿತ್ತು ಎನ್ನುವುದಕ್ಕೆ ಸಾಕ್ಷಿ ಇಲ್ಲ. ಅವಳು ಕೈ ತಡ ಮಾಡಿರಲೂಬಹುದು. ಫೋನು ನೋಡುತ್ತಿದ್ದಿರಬಹುದು. ಈಗಿನ ಹುಡುಗಿಯರು.


ಆಗಸ್ಟ್ 25, ಭಾನುವಾರ

ಕುಣಿಗಲ್ಲಿಗೆ ಹೋಗಿದ್ದೆ. ಮಗಳು ಅನುಪಮಾ ಅಲ್ಲಿ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಾಳೆ. ಸಹಿ ಹಾಕುವ ಮುಂಚೆ ಹಾಳೆಗಳ ಫೋಟೋ ತೆಗೆದುಕೊಂಡಿದ್ದೆ. ಅದನ್ನು ಓದಿಸಬೇಕು ಎಂದೇ ಬಸ್ಸು ಹತ್ತಿದ್ದೇನೆಂದು ದಾರಿಯಲ್ಲಿ ನನಗೂ ಗೊತ್ತಿರಲಿಲ್ಲ. ಮೊಮ್ಮಗಳಿಗೆ ಎಂದು ಬಿಸ್ಕತ್ತು ಕಟ್ಟಿಸಿಕೊಂಡಿದ್ದೆ.

ಕೆರೆ ಏರಿಯ ಮೇಲೆ ನಡೆಯುತ್ತಾ ಫೋಟೋ ತೋರಿಸಿದೆ. ಅವಳು ನಿಂತು ಓದಿದಳು. "ಜಿನೀವಾ ವ್ಯವಸ್ಥೆಯನ್ನು ಪರೀಕ್ಷಿಸಲಾಗಿದೆ, ಪೂರ್ಣ ಸುಸ್ಥಿತಿಯಲ್ಲಿದೆ. ಅವಘಡಕ್ಕೆ ಕಾರಣ ಕೆಲಸಗಾರಳ ಅಜಾಗರೂಕತೆ. ಹಿಂಗಂತ ಬರ್ದವ್ರೆ ಅಪ್ಪಾಜಿ. ನೀವೇ ಪರೀಕ್ಷೆ ಮಾಡಿದ್ದಾ?"

"ಹೂಂ."

ಮಾತು ಬೇರೆ ಕಡೆ ತಿರುಗಿಸಲು, ಜಿನೀವಾ ಅಂದರೆ ಊರು ತಾನೇ, ಊರಿನ ಹೆಸರು ಮಿಷನ್ನಿಗೆ ಹೇಗೆ ಬಂತು ಎಂದು ಕೇಳಿದೆ. ಪಾಠ ಹೇಳುವವಳಿಗೆ ಇಷ್ಟು ಸಿಕ್ಕರೆ ಸಾಕು. ಫೋನಿನಲ್ಲಿ ನಿಘಂಟು ತೆಗೆದಳು. ಸ್ವಿಟ್ಜರ್ಲೆಂಡಿನಲ್ಲಿ ದೊಡ್ಡ ಸರೋವರದ ಬಾಯಲ್ಲಿ ಕೂತಿರುವ ಊರಂತೆ. ವಾಚು ಮಾಡುವವರ ಬೀಡು, ಈ ಚಕ್ರವನ್ನೂ ಮೊದಲು ವಾಚಿಗೇ ಹಾಕಿದ್ದಂತೆ. ವಕೀಲರು ಕತ್ತಿಗೆ ಕಟ್ಟುವ ಬಿಳಿ ಪಟ್ಟಿಗೂ ಇಂಗ್ಲಿಷಿನಲ್ಲಿ ಆ ಊರಿನ ಹೆಸರೇ. ಎಲ್ಲಕ್ಕಿಂತ ಹೆಚ್ಚಾಗಿ ಜನ ಬಳಸುವುದು ಒಂದು ಒಪ್ಪಂದದ ಹೆಸರಾಗಿ.

"ಯುದ್ಧದಲ್ಲಿ ಗಾಯ ಆದೋರ್ನ ಯಾವ ಕಡೆಯೋರಾದ್ರೂ ಬಿಟ್ಟು ಹೋಗಂಗಿಲ್ಲ, ಎತ್ಕೊಂಡ್ ಬಂದು ನೋಡ್ಕೋಬೇಕು. ಅದು ಜಿನೀವಾ ಒಪ್ಪಂದ" ಎಂದಳು.

ನಾನು ಇಳಕಲ್ಲಿನ ಮಾತು ತೆಗೆದೆ. ಇಳಕಲ್ ಉಟ್ಟಳು ಅಂದರೆ ಊರನ್ನೇ ಉಟ್ಟಳು ಅಂತಲ್ಲವಲ್ಲ, ನಮ್ಮಲ್ಲೂ ಇದೆ. ರೇಸಿನವರಿಗೆ ಕುಣಿಗಲ್ ಅಂದರೆ ಕುದುರೆ. ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ನೀರಿನ ಕಡೆ ನೋಡುತ್ತಾ ನಿಂತೆ. ಸಹಿ ಹಾಕಿದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ.

ಬಸ್ಸು ಹತ್ತಿಸುವಾಗ ಅನುಪಮಾ "ಆ ಹುಡುಗಿ ಹೆಸರೇನಪ್ಪಾಜಿ?" ಎಂದಳು. ತಕ್ಷಣ ಹೊಳೆಯಲಿಲ್ಲ. ದಾಕ್ಷಾಯಣಿ. ಬಸ್ಸು ಹೆಬ್ಬೂರು ದಾಟಿದ ಮೇಲೆ ನೆನಪಾಯಿತು.


ಆಗಸ್ಟ್ 27, ಮಂಗಳವಾರ

ಮಿಷನ್ನು ಮತ್ತೆ ಓಡುತ್ತಿದೆ. ಅದೇ ಭುಜ. ಫಾಯಿಲ್ ಇಡಲು ಹೊಸಬಳು ಬಂದಿದ್ದಾಳೆ, ಪ್ರೇಮಲತಾ ಎಂದು, ಗುಬ್ಬಿಯವಳು. ಹೆಸರು ಕೇಳಿ ತಿಳಿದುಕೊಂಡೆ.

ಸ್ಪೇರ್ ಬರುವ ತನಕ ನಿಲ್ಲಿಸೋಣ ಎಂದು ಲಕ್ಷ್ಮೀಕಾಂತನಿಗೆ ಹೇಳಿದೆ. "ಸರಿ ಇತ್ತು ಅಂತ ನೀವೇ ಸಹಿ ಹಾಕಿದೀರಲ್ಲ. ಈಗ ನಿಲ್ಸಿದ್ರೆ ಏನಂದ್ಕೋತಾರೆ?" ಎಂದ.

ವೇಗ ಅರ್ಧಕ್ಕೆ ಇಳಿಸಿದೆ. ಪ್ರೇಮಲತಾ ಪಕ್ಕದಲ್ಲಿ ನಿಂತು ಕೆಂಪು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆ.


ಆಗಸ್ಟ್ 28, ಬುಧವಾರ

ನಿಂತೇ ಇದ್ದೆ. ಟಿಕ್, ಟಿಕ್, ಟಿಕ್.


ಆಗಸ್ಟ್ 30, ಶುಕ್ರವಾರ

ಮೊದಲಿನಂತೆಯೇ, ಆದರೆ ನಿಧಾನವಾಗಿ, ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ ನಾಲ್ಕು ಎಣಿಸಬಹುದು. ಮೂರು ಎಣಿಸುವ ಹೊತ್ತು ಮೇಜು ನಿಂತಿರುತ್ತದೆ. ಆ ಮೂರರೊಳಗೆ ಅವಳು ಫಾಯಿಲ್ ಎತ್ತಿ, ಡಬ್ಬಿಯ ಬಾಯಿಗೆ ಇಟ್ಟು, ಅಂಚು ಸವರಿ ಕೈ ತೆಗೆಯಬೇಕು. ಒಂದು, ಎರಡು, ಮೂರು. ಅವಳು ಕೈ ಹಾಕಿದಾಗ ನಾನು ಉಸಿರು ಹಿಡಿಯುತ್ತೇನೆ, ತೆಗೆದಾಗ ಬಿಡುತ್ತೇನೆ. ನೀರು ಕುಡಿಯುವುದನ್ನು ಬಿಟ್ಟಿದ್ದೇನೆ. ಕುಡಿದರೆ ಎದ್ದು ಹೋಗಬೇಕಾಗುತ್ತದೆ.

ಪ್ಯಾಕಿಂಗಿನ ಹೆಂಗಸರು ಗೇಲಿ ಮಾಡುತ್ತಾರೆ. "ಏನ್ ಗಂಗಣ್ಣೋರೆ, ಮಿಷನ್ನಿಗೆ ತಾಳಿ ಕಟ್ಬುಟ್ರಾ?" ಎಂದಳು ಒಬ್ಬಳು. "ಶಿವರುದ್ರಮ್ಮಾರ್ಗೆ ಗೊತ್ತಾ?" ಎಂದಳು ಇನ್ನೊಬ್ಬಳು. ನಗಬೇಕಾದ ಕಡೆ ನಕ್ಕೆ. ಕೈ ತೆಗೆಯಲಿಲ್ಲ.

ಇದೆಲ್ಲ ಯಾಕೆ ಬೇಕು, ಹೋಗಿ ಹೇಳಿಬಿಟ್ಟರೆ ಆಯಿತಲ್ಲ ಎಂದು ಓದಿದವರು ಕೇಳಬಹುದು. ಓದುವವರು ಯಾರೂ ಇಲ್ಲ, ಆದರೂ ಬರೆಯುತ್ತೇನೆ. ಐವತ್ತೆಂಟು ವಯಸ್ಸು. ಇಲ್ಲಿಂದ ಆಚೆ ಹಾಕಿದರೆ ಯಾರು ಕೆಲಸ ಕೊಡುತ್ತಾರೆ? ಕೇಸು ಹಾಕಿದರೆ ಕೋರ್ಟಿಗೆ ಅಲೆಯುವವರು ಯಾರು? ಅನುಪಮಾಳ ಗಂಡನ ಮನೆಯವರು ಏನೆನ್ನುತ್ತಾರೆ? ಅದೂ ಇರಲಿ. ವಾಚ್ ಗಂಗಣ್ಣನ ಕೈ ತಪ್ಪಿತು ಎಂದು ಊರೆಲ್ಲ ಅನ್ನುವುದನ್ನು ನಾನು ಕೇಳಿಸಿಕೊಳ್ಳಬೇಕಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಹೆದರಿಕೆ ಇರುವುದು ಅದಕ್ಕೇ.

ನಾನು ಸೊರಗಿದ್ದೇನೆಂದು ಶಿವರುದ್ರಮ್ಮ ದೇವರಾಯನದುರ್ಗಕ್ಕೆ ಹರಕೆ ಹೊತ್ತಿದ್ದಾಳೆ. ಏನಾಗಿದೆ ಎಂದು ಕೇಳಿಲ್ಲ. ದೇವರಿಗೆ ಹೇಳುವವಳು ಗಂಡನನ್ನು ಯಾಕೆ ಕೇಳುವುದಿಲ್ಲವೋ.


ಸೆಪ್ಟೆಂಬರ್ 3, ಮಂಗಳವಾರ

ಸ್ಪೇರ್ ಬಂತು.

ಊಟದ ಬಿಡುವಿನಲ್ಲಿ ನಾನೊಬ್ಬನೇ ಕೂತು ಬದಲಾಯಿಸಿದೆ. ಹೊಸ ಭುಜ ಕನ್ನಡಿಯ ಹಾಗಿದೆ. ಚಕ್ರ ಅದರ ಮೇಲೆ ಕೂತು ಅಲುಗುವುದೇ ಇಲ್ಲ. ಟಿಕ್ ಸದ್ದೂ ಇಲ್ಲ. ಎಂಟು ದಿನಗಳ ಮೇಲೆ ಮೊದಲ ಸಲ ಸ್ವಿಚ್ಚಿನಿಂದ ಕೈ ತೆಗೆದು ಹೋಗಿ ಎರಡು ಲೋಟ ನೀರು ಕುಡಿದೆ. ಪ್ರೇಮಲತಾಗೆ ಇನ್ನು ಭಯವಿಲ್ಲ. ಯಾರಿಗೂ ಇಲ್ಲ.

ಹಳೆಯದನ್ನು ಟಿಫಿನ್ ಚೀಲದಲ್ಲಿ ಹಾಕಿಕೊಂಡು ಬಂದೆ. ಸಂಜೆ ಅಮಾನಿಕೆರೆ ಏರಿಯ ಮೇಲೆ ಕೂತೆ. ವಾಕಿಂಗ್ ಬರುವವರ ಸಂದಣಿ. ಎಸೆದರೆ ಮುಗಿಯಿತು, ಯಾರೂ ಕೇಳುವುದಿಲ್ಲ. ಕೈಯಲ್ಲಿ ಹಿಡಿದು ನೋಡಿದೆ. ಎಡಭಾಗ ಸರಿಯಾಗಿದೆ. ಬಲಭಾಗದಲ್ಲಿ ಅರ ಜಾರಿ ಒಂದು ಕಡೆ ಚಪ್ಪಟೆಯಾಗಿದೆ, ಕಾಲು ಇಂಚು ಉದ್ದಕ್ಕೆ. ಎರಡು ಕೂದಲಲ್ಲ. ಹೆಬ್ಬೆರಳು ಸವರಿದರೇ ಗೊತ್ತಾಗುತ್ತದೆ. ಕೂರಿಸುವ ಮುಂಚೆ ಹೀಗೆ ಸವರಿ ನೋಡಿದ್ದರೆ ಸಾಕಿತ್ತು. ಅಪ್ರೆಂಟಿಸ್‌ಗಳಿಗೆ ನಾನೇ ಹೇಳುತ್ತಿದ್ದದ್ದು ಅದು, ಕಣ್ಣನ್ನು ನಂಬಬೇಡಿ, ಬೆರಳನ್ನು ನಂಬಿ ಎಂದು.

ಅಷ್ಟರಲ್ಲಿ ಸದಾಶಿವನಗರದ ನಮ್ಮ ಬೀದಿಯ ಶಿವರಾಮಯ್ಯ ಸಿಕ್ಕಿ, ಮನೆಯ ತನಕ ಹರಟುತ್ತಾ ಜೊತೆಯಲ್ಲೇ ಬಂದರು. ಎಸೆಯಲು ಆಗಲಿಲ್ಲ.


ಸೆಪ್ಟೆಂಬರ್ 5, ಗುರುವಾರ

ನಿಟ್ಟೂರಿಗೆ ಹೋದೆ. ಫ್ಯಾಕ್ಟರಿಯಿಂದ ಹಣ್ಣು, ಹಾರ್ಲಿಕ್ಸ್ ಕೊಟ್ಟು ಬನ್ನಿ ಎಂದು ಲಕ್ಷ್ಮೀಕಾಂತನೇ ಕಳಿಸಿದ್ದು. ನಾನಾಗಿ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ.

ರೈಲ್ವೆ ಗೇಟಿನ ಆಚೆ ಮನೆ. ದಾಕ್ಷಾಯಣಿ ಜಗಲಿಯ ಮೇಲೆ ಮಗಳಿಗೆ ಜಡೆ ಹಾಕುತ್ತಿದ್ದಳು. ಎಡಗೈಯಲ್ಲಿ ಎರಡು ಎಳೆ, ಮೂರನೆಯದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಬ್ಯಾಂಡೇಜಿನ ಕೈ ಮಡಿಲಲ್ಲಿತ್ತು. ನನ್ನನ್ನು ನೋಡಿ ಕೂದಲು ಬಿಟ್ಟು ಎದ್ದಳು. ಅವಳ ಅತ್ತೆ ಚೆನ್ನಮ್ಮ ಚಾಪೆ ಹಾಸಿದರು. ಗಂಡ ಲಾರಿ ಮೇಲೆ ಹೋಗಿದ್ದನಂತೆ.

ಕೂತ ಎರಡು ನಿಮಿಷಕ್ಕೆ ಚೆನ್ನಮ್ಮ ಶುರು ಮಾಡಿದರು. "ಏನ್ ಮಾಡದು ಸ್ವಾಮಿ. ಮೈಮೇಲೆ ಗ್ಯಾನ ಇರಬೇಕಲ್ವಾ. ಮ್ಯಾನೇಜರಪ್ಪ ಆಸ್ಪತ್ರೆಗೆ ಬಂದಾಗ ಹೇಳುದ್ರು. ಅದೇನೋ ಜಿನೀವಾ ಅಂತೆ, ಫಾರಿನ್ನು. ವಾಚು ಮಾಡೋ ಊರಿಂದಂತೆ, ಸೆಕೆಂಡೂ ತಪ್ಪಲ್ವಂತೆ. ಮಿಷನ್ ತಪ್ಪಿಲ್ಲ ಅಂದ್ಮೇಕೆ ಇವಳ್ದೇ ತಾನೇ? ನನ್ ಮಗ ಫೋನ್ ಮಾಡ್ದಾಗೆಲ್ಲ ಬೈತಾನೆ, ಕನಸು ಕಾಣ್ತಾ ಕುಂತಿದ್ಯಾ ಅಂತ."

ದಾಕ್ಷಾಯಣಿ ತಲೆ ತಗ್ಗಿಸಿ ಕೇಳುತ್ತಿದ್ದಳು. ಎಷ್ಟು ದಿನಗಳಿಂದ ಕೇಳುತ್ತಿದ್ದಾಳೋ. ಅತ್ತೆ ಕಾಫಿ ಮಾಡಲು ಒಳಗೆ ಹೋದ ಮೇಲೆ ನಿಧಾನವಾಗಿ ಹೇಳಿದಳು. "ನಾನು ಎಣಿಸ್ತಾನೇ ಇದ್ದೆ ಗಂಗಣ್ಣೋರೆ. ಒಂದು ಅಂದೆ, ಎರಡು ಅಂದೆ. ಇನ್ನೂ ಮೂರಾಗಿರ್ಲಿಲ್ಲ. ಹಂಗನ್ಕೊಂಡಿದೀನಿ. ಆದ್ರೆ ಎಲ್ರೂ ಹೇಳ್ತಾವ್ರೆ, ನಾನೇ ತಡ ಮಾಡ್ಬುಟ್ಟೆ ಅಂತ. ಜಿನೀವಾ ತಪ್ಪಲ್ಲ ಅಂತ ನೀವೂ ಹೇಳಿದ್ರಲ್ಲ. ಹಂಗಾದ್ರೆ ನಂಗೇ ಎಣಿಸಕ್ಕೆ ಬರಲ್ವೇನೋ."

ಹೇಳಬೇಕಿತ್ತು. ಅಲ್ಲೇ, ಆಗಲೇ. ಕಾಫಿ ಬಂತು. ಕುಡಿದೆ. ಬಿಸಿ ಎಷ್ಟಿತ್ತೆಂದರೆ ನಾಲಿಗೆ ಸುಟ್ಟಿತು. ಸುಡಲಿ ಎಂದು ಕುಡಿದೆ. "ವಾಸಿಯಾಗುತ್ತೆ ಬುಡಮ್ಮ" ಎಂದು ಎದ್ದು ಬಂದೆ. ಏನು ವಾಸಿಯಾಗುತ್ತದೆ? ಬೆರಳು ಬೆಳೆಯುತ್ತದೆಯೇ?

ಆ ಊರು ಎಲ್ಲಿದೆಯೋ ನಾನು ನೋಡಿಲ್ಲ, ಲಕ್ಷ್ಮೀಕಾಂತನೂ ನೋಡಿಲ್ಲ. ಅದರ ಹೆಸರು ಹೇಳಿ ಒಬ್ಬಳ ಬಾಯಿ ಮುಚ್ಚಿಸಿದ್ದೇವೆ. ಅವನು ಹೇಳಿದ್ದು ಒಂದು ಸಲ. ಧೈರ್ಯವಾಗಿ ಕೈ ಹಾಕು ಎಂದು ಅವಳಿಗೆ ಮೊದಲು ಹೇಳಿಕೊಟ್ಟವನು ನಾನು.


ಸೆಪ್ಟೆಂಬರ್ 6, ಗೌರಿ ಹಬ್ಬ

ಶಿವರುದ್ರಮ್ಮ ಕೊಬ್ಬರಿ ಕಡುಬು ಮಾಡಿದ್ದಳು. ತಿನ್ನಲಾಗಲಿಲ್ಲ. "ಹೊಟ್ಟೆ ಸರಿ ಇಲ್ವಾ?" ಎಂದಳು. ಅವಳನ್ನು ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಭುಜ, ಅರ, ಮೇಜು ತಳ್ಳಿದ್ದು, ಸಹಿ, ನಿಟ್ಟೂರಿನ ಜಗಲಿಯಲ್ಲಿ ಕಂಡ ಜಡೆ.

ಶಿವರುದ್ರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ "ಹೇಳಿದ್ರೆ ನಮ್ ಗತಿ ಏನ್ರೀ?" ಎಂದಳು. ಕಡುಬಿನ ತಟ್ಟೆ ಎತ್ತಿಡುತ್ತಾ, "ಆ ಮಗೀಗೆ ಜಡೆ ಯಾರು ಹಾಕ್ತಾರೆ ಈಗ?" ಎಂದಳು.


ಸೆಪ್ಟೆಂಬರ್ 9, ಸೋಮವಾರ

ನಾಳೆ ಕಾರ್ಖಾನೆ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುತ್ತಾರೆ. ಲಕ್ಷ್ಮೀಕಾಂತ್ ಕರೆದು, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಎಂದ. ಚೀಲದಿಂದ ಹಳೆಯ ಭುಜ ತೆಗೆದು ಅವನ ಮೇಜಿನ ಮೇಲೆ ಇಟ್ಟೆ.

"ಇದೇನು?"

"ನಾನು ಅರ ಹಾಕಿದ್ದು. ಇಲ್ಲಿ ಬೆರಳು ಇಟ್ಟು ನೋಡಿ."

ಅವನು ಮುಟ್ಟಲಿಲ್ಲ. ನೋಡುತ್ತಾ ಕೂತ. ಅವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಈಗಲೂ ನನಗೆ ತಿಳಿಯದು. ಓಡಿಸಿ ಎಂದವನು ಅವನು. ಹೇಗೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಇದನ್ನ ಯಾಕ್ರೀ ಇಟ್ಕೊಂಡಿದ್ರಿ? ಮುಗ್ದೋಗಿತ್ತಲ್ಲ" ಎಂದ. ದನಿಯಲ್ಲಿ ಸಿಟ್ಟಿಗಿಂತ ಸಂಕಟ ಇತ್ತು. ಮಾಲೀಕರಿಗೆ ಅವನು ಉತ್ತರ ಹೇಳಬೇಕು, ಅವನಿಗೂ ಇಬ್ಬರು ಮಕ್ಕಳು.

"ಮುಗಿದಿಲ್ಲ. ಅವಳಿಗೆ ಎಣಿಸಕ್ಕೆ ಬರಲ್ಲ ಅಂತ ಅವಳೇ ನಂಬ್ಕೊಂಡವ್ಳೆ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ನಾಳೆ ಇದನ್ನ ತಂದ್ರೆ, ನಾಡಿದ್ದಿಂದ ನೀವು ಬರಬೇಕಾಗಿಲ್ಲ. ಕೇಸಾದ್ರೆ ನಿಮ್ಮ ಮೇಲೇ ಆಗುತ್ತೆ. ಯೋಚ್ನೆ ಮಾಡಿ" ಎಂದ.

ಭುಜವನ್ನು ವಾಪಸ್ ಎತ್ತಿಕೊಂಡು ಮನೆಗೆ ಬಂದು ಯೋಚನೆ ಮಾಡಲು ಕೂತೆ. ಏನು ಯೋಚಿಸಬೇಕು ಎಂದು ಹೊಳೆಯಲಿಲ್ಲ.


ಸೆಪ್ಟೆಂಬರ್ 11, ಬುಧವಾರ

ನಿನ್ನೆ ಬರೆಯಲು ಆಗಲಿಲ್ಲ. ಹೇಳಿಕೆ ಕೊಟ್ಟೆ. ಕನ್ನಡದಲ್ಲೇ, ನನ್ನ ಕೈಯಲ್ಲೇ ಬರೆದು ಕೊಟ್ಟೆ. ಅಧಿಕಾರಿ ಸೌಮ್ಯ ಮನುಷ್ಯ. ಭುಜವನ್ನು ಕಾಗದದಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿ ತೆಗೆದುಕೊಂಡರು. ಮೊದಲ ವರದಿಗೆ ಯಾಕೆ ಸಹಿ ಹಾಕಿದಿರಿ ಎಂದು ಕೇಳಿದರು. "ಹೆದರಿಕೆ" ಎಂದು ಬರೆದೆ. ಮುಂದೇನು ಎಂದು ಅವರು ಹೇಳಲಿಲ್ಲ. ನೋಟೀಸು ಬರುತ್ತದಂತೆ. ಸಂಜೆ ಗೇಟಿನಲ್ಲಿ ನನ್ನ ಕಾರ್ಡು ಇಸಿದುಕೊಂಡರು.

ಇವತ್ತು ಬೆಳಿಗ್ಗೆ ಪುಷ್‌ಪುಲ್ ರೈಲಿನಲ್ಲಿ ನಿಟ್ಟೂರಿಗೆ ಹೋದೆ. ಯಾರೂ ಕಳಿಸಲಿಲ್ಲ. ಶಿವರುದ್ರಮ್ಮ ನಾನೂ ಬರುತ್ತೇನೆ ಎಂದಳು, ಬೇಡವೆಂದೆ.

ದಾಕ್ಷಾಯಣಿ ಅಕ್ಕಿ ಆರಿಸುತ್ತಿದ್ದಳು. ಎಡಗೈಯಲ್ಲಿ. ನಾನು ಕೂರಲಿಲ್ಲ. ನಿಂತೇ ಹೇಳಿದೆ. "ನೀನು ಎಣಿಸಿದ್ದು ಸರಿ ಇತ್ತಮ್ಮ. ಮೂರಾಗಿರ್ಲಿಲ್ಲ. ಮೇಜು ಜಾರ್ತು. ಅದನ್ನ ಹಿಡಿದಿರಬೇಕಾದ್ದು ಜಿನೀವಾದಿಂದ ಬಂದಿರ್ಲಿಲ್ಲ, ನಾನು ಅರದಲ್ಲಿ ಉಜ್ಜಿ ಮಾಡಿದ್ದು. ತಪ್ಪಾಗಿ ಉಜ್ಜಿದೆ. ಗೊತ್ತಾದ್ ಮೇಲೂ ಸುಳ್ಳು ಸಹಿ ಹಾಕ್ದೆ."

ಅವಳು ಮೊರವನ್ನು ಕೆಳಗಿಟ್ಟಳು. ಮುಖ ಕೆಂಪಾಯಿತು. ಬೈಯುತ್ತಾಳೆ ಎಂದುಕೊಂಡೆ. ಹೊಡೆದರೂ ಹೊಡೆಯಲಿ ಎಂದು ನಿಂತೆ.

"ಮೂರಾಗಿರ್ಲಿಲ್ವಾ?" ಎಂದಳು.

"ಆಗಿರ್ಲಿಲ್ಲ."

"ನಾನ್ ತಡ ಮಾಡ್ಲಿಲ್ವಾ?"

"ಇಲ್ಲಮ್ಮ."

ಅವಳು ಎದ್ದು ಒಳಗೆ ಹೋಗಿ ಅತ್ತೆಯನ್ನು ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು. ಅವರ ಕೈಯಲ್ಲಿ ಇನ್ನೂ ರಾಗಿಹಿಟ್ಟು ಮೆತ್ತಿತ್ತು. "ಇನ್ನೊಂದ್ಸಲ ಹೇಳಿ" ಎಂದಳು ನನಗೆ. ಹೇಳಿದೆ. ಚೆನ್ನಮ್ಮ ಒಮ್ಮೆ ನನ್ನನ್ನು, ಒಮ್ಮೆ ಸೊಸೆಯನ್ನು ನೋಡಿದರು. "ಅಯ್ಯೋ ಶಿವನೇ" ಎಂದು ಹೊಸ್ತಿಲ ಮೇಲೆ ಕೂತುಬಿಟ್ಟರು. ದಾಕ್ಷಾಯಣಿ ಅವರ ಕಡೆ ನೋಡಲಿಲ್ಲ. ಎಡಗೈಯಲ್ಲೇ ಗಂಡನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು. ಲಾರಿಯ ಸದ್ದಿನ ನಡುವೆ "ಏನ್ಲೇ?" ಎಂದು ಗಂಡಸಿನ ದನಿ ಕೇಳಿತು.

"ಹೇಳಿ" ಎಂದಳು.

ಮೂರನೇ ಸಲ ಹೇಳಿದೆ. ಅವನು ಬಾಯಿಗೆ ಬಂದಂತೆ ಬೈದ, ನನ್ನನ್ನು, ಫ್ಯಾಕ್ಟರಿಯನ್ನು, ನನ್ನ ವಂಶವನ್ನು. ಅವಳು ಫೋನು ತೆಗೆಯಲಿಲ್ಲ. ಅವನು ಪೂರ್ತಿ ಬೈದು ಮುಗಿಸುವ ತನಕ ಹಿಡಿದೇ ಇದ್ದಳು. ಆಮೇಲೆ ಅವನು "ದಾಕ್ಷಾಯಣೀ" ಎಂದ. ಆ ದನಿ ಬೇರೆಯಾಗಿತ್ತು. ಅವಳು ಫೋನನ್ನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು.

ನನ್ನನ್ನು ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೋಗಿ ಬರುತ್ತೇನೆ ಎಂದು ಹೊರಟೆ. ಬೇಲಿಯ ಗೇಟು ದಾಟಿದ ಮೇಲೆ ಹಿಂದಿನಿಂದ ದಾಕ್ಷಾಯಣಿ ಕರೆದಳು.

"ಗಂಗಣ್ಣೋರೆ, ನಾಳಿದ್ದು ಶುಕ್ರವಾರ ಸಂಘದ ಮೀಟಿಂಗ್ ಐತೆ. ನಮ್ಮ ಬೀದಿ ಹೆಂಗಸ್ರೆಲ್ಲ ಇರ್ತಾರೆ. ಅವರೂ ತಪ್ಪು ನಂದೇ ಅಂದವ್ರೆ. ನಾಕು ಗಂಟೆಗೆ ಬನ್ನಿ."

ಬರುತ್ತೇನೆ ಎಂದೆ.